ಅಕ್ಕನಿಗೆ ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಕುಸಿಯೋ ಕಾಯಿಲೆ) ಅಂತ ಗೊತ್ತಾಗಿದೆ, ನಾವು ಥಾಣೆಲಿ ಇರೋದು. ಈ ಕಾಯಿಲೆ ಬಗ್ಗೆ ಲೇಖಕರು ಬರೆದ ಪುಸ್ತಕ, ಅವರ ಮಾತುಕತೆ ಇದ್ರಿಂದ ಮನೆಯವರಿಗೆ ಏನಾದ್ರೂ ಉಪಯೋಗ ಇದೆಯಾ?

ಇದೆ, ಆದ್ರೆ ಬರೆದೋರು ಯಾರು ಅಂತ ಮೊದಲು ನೋಡ್ಕೊಳ್ಳಿ. ಕಾಯಿಲೆ ಅನುಭವಿಸಿದವರು ಬರೆಯೋದೇ ಬೇರೆ, ಮನೆಯವರು ಬರೆಯೋದೇ ಬೇರೆ.

ನೀವು ಮನೆಯವರು, ಹಾಗಾಗಿ ಜೆರ್ರಿ ಪಿಂಟೊ ಅವರ ‘ಎಮ್ ಅಂಡ್ ದ ಬಿಗ್ ಹೂಮ್’ (2012) ಮೊದಲು ಓದಿ. ನಮ್ಮ ಮುಂಬೈ ಮಾಹಿಮ್‌ದೇ ಒಂದು ಸಣ್ಣ ಫ್ಲ್ಯಾಟು, ಗೋವಾ ಮೂಲದ ಕುಟುಂಬ, ಅಮ್ಮನಿಗೆ ಬೈಪೋಲಾರ್, ಮಗ ಹೇಳೋ ಕತೆ. ಕಾದಂಬರಿ ಅಂತ ಬಂದಿದ್ರೂ ಹುಟ್ಟಿದ್ದು ತಮ್ಮ ತಾಯಿ ಕಾಯಿಲೆಯಿಂದ್ಲೇ ಅನ್ನೋದನ್ನ ಪಿಂಟೊ ಮುಚ್ಚಿಟ್ಟಿಲ್ಲ. ಎಮ್ ಅಂದ್ರೆ ಆ ಅಮ್ಮ, ಬೀಡಿ ಸೇದ್ತಾಳೆ, ಮಕ್ಕಳ ಮುಂದೆ ಬಾಯಿಗೆ ಬಂದಿದ್ದೆಲ್ಲ ಮಾತಾಡ್ತಾಳೆ, ಹೊಟ್ಟೆ ಹುಣ್ಣಾಗೋ ಹಾಗೆ ನಗಿಸ್ತಾಳೆ, ಸಾಯೋಕೂ ನೋಡ್ತಾಳೆ, ಮಗನಿಗೋ ಇದು ನಾಳೆ ನನಗೂ ಬಂದ್ರೆ ಅನ್ನೋ ಭಯ. ಆ ಭಯ ನಿಮಗೂ ಇರಬಹುದು, ಇದ್ರೆ ನೀವೊಬ್ರೇ ಅಲ್ಲ.

ನಮ್ಮ ದೊಡ್ಡಮ್ಮನಿಗೂ ಇದೇ ಕಾಯಿಲೆ. ಅರ್ಧ ರಾತ್ರೀಲಿ ಎದ್ದು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಎಲ್ಲ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕೋಕೆ ಶುರು ಮಾಡೋರು, ದೊಡ್ಡಪ್ಪ ಅದು ಅವಳ ಸ್ವಭಾವ ಕಣೋ ಮೊದ್ಲಿಂದ್ಲೂ ಚುರುಕು ಅನ್ನೋರು, ಅಣ್ಣ ಇಲ್ಲ ಕಾಯಿಲೆ ಏರ್ತಿದೆ ಡಾಕ್ಟರಿಗೆ ಫೋನ್ ಮಾಡಿ ಅನ್ನೋನು. ಯಾವುದು ಆ ಮನುಷ್ಯ, ಯಾವುದು ರೋಗ? ಇದಕ್ಕೆ ನೇರವಾಗಿ ಕೈ ಹಾಕಿದ್ದು ಕೇ ರೆಡ್‌ಫೀಲ್ಡ್ ಜೇಮಿಸನ್, ‘ಆ್ಯನ್ ಅನ್‌ಕ್ವಯೆಟ್ ಮೈಂಡ್’ (1995). ಆಕೆ ಈ ಕಾಯಿಲೆ ಬಗ್ಗೆನೇ ಪಾಠ ಹೇಳೋ ಸೈಕಿಯಾಟ್ರಿ ಪ್ರೊಫೆಸರ್, ಆಕೆಗೂ ಇದೇ ಕಾಯಿಲೆ, ಎಲ್ಲಾ ಗೊತ್ತಿದ್ದೂ ಇದಕ್ಕೆ ಕೊಡೋ ಲಿಥಿಯಂ ಮಾತ್ರೆ ಬಿಟ್ಟುಬಿಡ್ತಿದ್ರು. ಯಾಕಂದ್ರೆ ಮೇನಿಯಾದ, ಅಂದ್ರೆ ಕಾಯಿಲೆ ಏರಿದಾಗಿನ ಆ ಉತ್ಸಾಹ ತನ್ನದೇ ಗುಣ ಅನ್ಸೋದು, ಜೊತೆಗೆ ಡೋಸ್ ಜಾಸ್ತಿ ಇದ್ದಾಗ ವರ್ಷಗಟ್ಟಲೆ ಒಂದು ಗಂಭೀರ ಪುಸ್ತಕ ಪೂರ್ತಿ ಓದೋಕಾಗ್ತಿರ್ಲಿಲ್ಲ, ಓದೇ ಬದುಕು ಆಗಿರೋರಿಗೆ ಅದೇನು ಸಣ್ಣ ವಿಷ್ಯನಾ. ಆದ್ರೂ ಕೊನೆಗೆ ಮಾತ್ರೆ ಇಲ್ದೆ ನಾನು ಬದುಕ್ತಿರ್ಲಿಲ್ಲ ಅಂತ ಬರೀತಾರೆ. ‘ಇವಳಿಗೆ ಹಠ, ಮಾತ್ರೆ ನುಂಗಲ್ಲ’ ಅಂತ ಬೈಯೋ ಮನೆಯವರು ಇಷ್ಟಾದ್ರೂ ಓದ್ಬೇಕು.

ಮಾತುಕತೆಗಳಿಗೂ ಹೋಗಿ, ಆದ್ರೆ ಸಲಹೆ ಸಿಗುತ್ತೆ ಅಂತ ಹೋಗ್ಬೇಡಿ. ನಾನು ಹೋಗಿದ್ದ ಒಂದರಲ್ಲಿ ಪ್ರಶ್ನೆ ಕೇಳಿ ಅಂದಿದ್ದೇ ತಡ ಪುಸ್ತಕ ಮೂಲೆ ಸೇರ್ತು, ನಮ್ಮ ಹುಡುಗ ಮಾತ್ರೆ ಬಿಟ್ಟಿದಾನೆ ಏನ್ಮಾಡ್ಲಿ ಅಂತ ಒಬ್ರಾದ್ಮೇಲೆ ಒಬ್ರು, ಪಾಪ ಲೇಖಕರೇನು ಡಾಕ್ಟರಾ? ಆದ್ರೆ ಹೊರಗೆ ಚಹಾ ಕುಡೀತಾ ಆ ಕೇಳಿದವರ ಜೊತೆ ಮಾತಾಡಿದ್ದೇ ನನಗೆ ಜಾಸ್ತಿ ಉಪಯೋಗಕ್ಕೆ ಬಂತು.

ಕನ್ನಡದಲ್ಲಿ ಚಿತ್ತಾಲರ ‘ಶಿಕಾರಿ’ (1979) ಇದೆ, ಮುಂಬೈ ಆಫೀಸು, ಕೆಲಸದಿಂದ ಸಸ್ಪೆಂಡ್ ಆದ ನಾಗಪ್ಪ, ಎಲ್ಲರ ಮೇಲೂ ಅನುಮಾನ. ಅದನ್ನ ಮನೋರೋಗದ ಕಾದಂಬರಿ ಅಂದ್ರೆ ಅಭಿಮಾನಿಗಳು ನನಗೆ ಉಗೀತಾರೆ, ಇರ್ಲಿ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಕಷ್ಟ ಅಂದ್ರೆ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕ ತರಿಸಿ, ಸರಳವಾಗಿ ಬರೀತಾರೆ. ಜೇಮಿಸನ್ ಪುಸ್ತಕದಲ್ಲಿ ಆತ್ಮಹತ್ಯೆಗೆ ಪ್ರಯತ್ನಪಟ್ಟ ಭಾಗ ಇದೆ, ಅಕ್ಕ ಸ್ವಲ್ಪ ಸುಧಾರಿಸ್ಕೊಳ್ಳೋವರೆಗೂ ಅದನ್ನ ಅವರ ಕೈಗೆ ಕೊಡ್ಬೇಡಿ.