ಗೋಧಿ ಹಿಟ್ಟಿನ ಆಪಲ್ ಪೈ ತಳ ಒದ್ದೆಯಾಗಿದ್ದಕ್ಕೆ

ಮೈದಾ ಬದಲು ಪೂರ್ತಿ ಗೋಧಿ ಹಿಟ್ಟು, ಸಕ್ಕರೆ ಬದಲು ಜೇನುತುಪ್ಪ ಹಾಕಿದ್ದಕ್ಕೆ ಪೈ ಅಂಚು ಗಟ್ಟಿ, ತಳ ಒದ್ದೆ ಆಯ್ತು ಅಂದಿದ್ದೀರಿ. ನಿಮ್ಮ ಹಿಟ್ಟಿನ ಆಯ್ಕೆ ತಪ್ಪಲ್ಲ, ದಯವಿಟ್ಟು ಅದನ್ನು ಬಿಡಬೇಡಿ.

ಗೋಧಿ ಹಿಟ್ಟಿನಲ್ಲಿರುವ ಹೊಟ್ಟು ನೀರನ್ನು ನಿಧಾನವಾಗಿ ಹೀರುತ್ತದೆ. ಕಲಸಿದ ತಕ್ಷಣ ಲಟ್ಟಿಸಿದರೆ ಬಿರುಕು ಬಿಡುತ್ತದೆ, ಆಗ ಸುಮ್ನೆ ಮತ್ತೆ ಮತ್ತೆ ನಾದುತ್ತೇವೆ. ಗಟ್ಟಿಯಾಗುವುದು ಅಲ್ಲೇ. 150 ಗ್ರಾಂ ಹಿಟ್ಟಿಗೆ 80 ಗ್ರಾಂ ತಣ್ಣನೆಯ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಉಜ್ಜಿ. ಬಟಾಣಿಯಷ್ಟು ದಪ್ಪದ ಬೆಣ್ಣೆ ಚೂರುಗಳು ಅಲ್ಲಲ್ಲಿ ಕಾಣುತ್ತಿರಲಿ. ಓವನ್‌ನೊಳಗೆ ಅವು ಕರಗಿದಾಗಲೇ ಪದರ ಬಿಡುವುದು. ಐಸ್ ನೀರನ್ನು ಚಮಚ ಚಮಚವಾಗಿ ಹಾಕಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಸಾಕು. ನಾದಬೇಡಿ. ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡಿ.

ಇನ್ನು ತಳ. ಜೇನುತುಪ್ಪವೂ ದ್ರವವೇ ಅಲ್ವಾ? ಜೊತೆಗೆ ಸೇಬಿನ ರಸ ಬೇರೆ. ನಾನು ಖರ್ಜೂರ ನೆನೆಸಿ ರುಬ್ಬಿ ಹಾಕುತ್ತೇನೆ, ಹೂರಣ ತಾನೇ ಮಂದವಾಗುತ್ತದೆ. ಜೇನೇ ಬೇಕೆಂದರೆ ಸೇಬಿನ ಹೋಳುಗಳಿಗೆ ಬೆರೆಸಿ ಅರ್ಧ ಗಂಟೆ ಬಿಡಿ. ಇಳಿದ ರಸವನ್ನು ಬಾಣಲೆಯಲ್ಲಿ ಪಾಕದಂತೆ ಕುದಿಸಿ, ಆರಿಸಿ, ಒಂದು ಚಮಚ ಕಾರ್ನ್‌ಫ್ಲೋರ್ ಕಲಸಿ ಮತ್ತೆ ಹೋಳುಗಳಿಗೆ ಸೇರಿಸಿ.

ಓವನ್‌ನ ಕೆಳಗಿನ ಹಂತದಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ, ಆಮೇಲೆ 180ರಲ್ಲಿ ಹೂರಣ ಗುಳುಗುಳು ಕುದಿಯುವವರೆಗೆ ಬೇಯಿಸಿ. ಜೇನು ಬೇಗ ಕಪ್ಪಾಗುತ್ತದೆ, ಅಂಚಿಗೆ ಫಾಯಿಲ್ ಮುಚ್ಚಿ. ಎರಡು ಮೂರು ಗಂಟೆ ಆರಿದ ಮೇಲೆಯೇ ಕತ್ತರಿಸಿ. ಬಿಸಿಯಲ್ಲಿ ಕತ್ತರಿಸಿದರೆ ರಸವೆಲ್ಲ ತಟ್ಟೆಗೆ ಹರಿಯುತ್ತದೆ.