ಸೈಲೋ ಯಾವಾಗ ತೆರೆಯಬೇಕು?

ಪ್ರಶ್ನೆ: ಸರ್, ರಜೆಯಲ್ಲಿ ನಾನೂ ನನ್ನ ಮಾವನ ಮಗನೂ ಡೆಫ್‌ಕಾನ್ ಅನ್ನೋ ಅಣು ಯುದ್ಧದ ಕಂಪ್ಯೂಟರ್ ಆಟ ಆಡುತ್ತೇವೆ. ಅಣು ಬಾಂಬ್ ಹಾಕಲು ಅನುಮತಿ ಸಿಕ್ಕ ತಕ್ಷಣ ನಾನು ಎಲ್ಲಾ ಕ್ಷಿಪಣಿ ಬಿಡುತ್ತೇನೆ, ಆದರೂ ಪ್ರತಿ ಸಲ ಸೋಲುತ್ತೇನೆ. ಯಾಕೆ?
– ಓದುಗ, ಗಂಗಾವತಿ

ಉತ್ತರ: ತಪ್ಪು ಆ ‘ತಕ್ಷಣ’ದಲ್ಲೇ ಇದೆ ತಮ್ಮಾ! ಬ್ರಿಟನ್ನಿನ ಇಂಟ್ರೊವರ್ಷನ್ ಸಾಫ್ಟ್‌ವೇರ್ 2006ರಲ್ಲಿ ಮಾಡಿದ ಈ ಆಟದಲ್ಲಿ ಸೈಲೋಗೆ, ಅಂದರೆ ಕ್ಷಿಪಣಿ ಇಡುವ ನೆಲದಡಿಯ ಗುಂಡಿಗೆ, ಎರಡು ಕೆಲಸ. ಒಂದೋ ಕ್ಷಿಪಣಿ ಬಿಡಬೇಕು, ಇಲ್ಲವೇ ಬರುವ ಕ್ಷಿಪಣಿ ಹೊಡೆದುಹಾಕಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಬದಲಿಸಲೂ ಹೊತ್ತು ಬೇಕು. ಅದೂ ಅಲ್ಲದೆ ನೀವು ಬಟನ್ ಒತ್ತಿದ ಕೂಡಲೇ ನಿಮ್ಮ ಸೈಲೋ ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತದೆ, ಅಂದರೆ ಮನೆ ಬಾಗಿಲು ತೆರೆದಿಟ್ಟು ಜಗಳಕ್ಕೆ ಹೋದ ಹಾಗೆ. ನಿಮ್ಮ ಮಾವನ ಮಗ ಅದಕ್ಕೇ ಕಾಯುತ್ತಾ ಕೂತಿರುತ್ತಾನೆ, ಅಲ್ವಾ?

ಆಟದಲ್ಲಿ ಲೆವೆಲ್ 5ರಿಂದ 1ಕ್ಕೆ ಇಳಿಯುತ್ತಾ ಬರುತ್ತದೆ, ಅಣು ಬಾಂಬ್ 1ರಲ್ಲಿ; ಆದರೆ ಲೆವೆಲ್ 3ರಿಂದಲೇ ಹಡಗಿನ ಕಾಳಗ ಶುರು. ಮೊದಲು ಸಮುದ್ರ ನೋಡಿಕೊಳ್ಳಿ, ಜಲಾಂತರ್ಗಾಮಿಗಳನ್ನು ಸುಮ್ನೆ ಅವನ ಕರಾವಳಿ ಹತ್ತಿರ ತಂದು ಅಡಗಿಸಿಡಿ. ಅವನು ಸೈಲೋ ತೆರೆದಾಗ ಅವನ ರಕ್ಷಣೆ ಇಲ್ಲ, ಆಗ ಹೊಡೆಯಿರಿ.

ಮಾಮೂಲಿ ಲೆಕ್ಕದಲ್ಲಿ ಅವನ ಕಡೆ 10 ಲಕ್ಷ ಜನ ಸತ್ತರೆ 2 ಅಂಕ, ನಿಮ್ಮವರು ಅಷ್ಟೇ ಸತ್ತರೆ 1 ಅಂಕ ಕಡಿತ. ಹೀಗೆ ಬರೆಯುವಾಗಲೇ ಒಂಥರಾ ಆಗುತ್ತದೆ ನೋಡಿ. ನಕಾಶೆಯಲ್ಲಿ ಒಂದು ಬಿಳಿ ಚುಕ್ಕೆ ಅರಳುತ್ತದೆ, ಪಕ್ಕದಲ್ಲಿ ಸತ್ತವರ ಸಂಖ್ಯೆ, ಅಷ್ಟೇ. ನಾನು ಬಳ್ಳಾರಿಯ ಬಿಸಿಲಲ್ಲಿ ಫ್ಯಾನ್ ಕೆಳಗೆ ಕೂತು ಗೆಲ್ಲುತ್ತಿದ್ದ ಒಂದೇ ಆಟ ಕರೆಂಟ್ ಹೋಗಿ ನಿಂತಿತು, ಇವತ್ತಿಗೂ ಹೊಟ್ಟೆ ಉರಿಯುತ್ತದೆ.