ಮೈಸೂರಲ್ಲಿ ಮಾರ್ಡಿ ಗ್ರಾ ಮಾಡಬಹುದಾ?

ಪ್ರಶ್ನೆ: ಮದುವೆಯಾದ ಹೊಸದರಲ್ಲಿ ನಾವು ಸಂಸಾರ ಹೂಡಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ. 2005ರ ಕತ್ರಿನಾ ಚಂಡಮಾರುತದಲ್ಲಿ ನಾವಿದ್ದ ಲೇಕ್‌ವ್ಯೂ ಬಡಾವಣೆ ಮುಳುಗಿತು. ಆಮೇಲೆ ಮೈಸೂರಿಗೆ ಬಂದುಬಿಟ್ಟೆವು. ಜನವರಿ ಬಂದರೆ ಸಾಕು, ಆ ಊರು ವಿಪರೀತ ನೆನಪಾಗುತ್ತದೆ. ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸ ಶುರುವಾಗುವ ಮೊದಲು ವೇಷ, ಮೆರವಣಿಗೆಗಳಲ್ಲಿ ಆಚರಿಸುವ ಅಲ್ಲಿನ ಮಾರ್ಡಿ ಗ್ರಾ ಹಬ್ಬವನ್ನು ಮನೆಯಲ್ಲೇ ಮಾಡೋಣ ಅಂದರೆ ಯಜಮಾನರು, ‘ಅಷ್ಟು ಜನ ಸತ್ತ ಊರಿನ ಹೆಸರಲ್ಲಿ ಕುಣಿಯೋದಾ?’ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಕುವೆಂಪುನಗರ

ಉತ್ತರ: ಮಾಡಿ. ಕತ್ರಿನಾಗೆ ಮುಂಚೆ ಅಲ್ಲಿ ಓದಿದವಳು ನಾನು. ನೀರು ನುಗ್ಗಿದ್ದನ್ನು ಕಣ್ಣಾರೆ ಕಂಡವಳಲ್ಲ. ಹಾಗಾಗಿ ಈ ವಿಷಯದಲ್ಲಿ ನಿಮ್ಮಿಬ್ಬರ ಮಾತಿಗೇ ತೂಕ ಜಾಸ್ತಿ. ಆದರೂ ಹೇಳುತ್ತೇನೆ.

ಯಜಮಾನರ ಪ್ರಶ್ನೆಯನ್ನು ಆ ಊರಿನವರೇ ಕೇಳಿದ್ದರು. 2006ರಲ್ಲಿ ಮಾರ್ಡಿ ಗ್ರಾ ಬಂದದ್ದು ಫೆಬ್ರವರಿ 28ಕ್ಕೆ. ಊರಿನ ಶೇ. 80 ಭಾಗ ಮುಳುಗಿ ಆಗ ಬರೀ ಆರು ತಿಂಗಳು. ಹೂಸ್ಟನ್, ಅಟ್ಲಾಂಟಾ ಸೇರಿದ್ದವರು, ನಮಗೆ ಮನೆಯೇ ಇಲ್ಲ, ನಿಮಗೆ ಮೆರವಣಿಗೆ ಬೇಕಾ ಎಂದರು. ನ್ಯಾಯವಾದ ಮಾತೇ. ಕೊನೆಗೆ ಮೆರವಣಿಗೆಗಳನ್ನು ಕಡಿಮೆ ಮಾಡಿ ಹಬ್ಬ ನಡೆಸಿದರು.

ಹೇಗೆ ನಡೆಸಿದರು ಅನ್ನುವುದನ್ನು ಯಜಮಾನರಿಗೆ ನೆನಪಿಸಿ. ಮುರಿದ ಸೂರುಗಳ ಮೇಲೆ ಹೊದಿಸಿದ್ದ ನೀಲಿ ಟಾರ್ಪಾಲಿನಲ್ಲೇ ಜನ ವೇಷ ಹೊಲಿದುಕೊಂಡರು. ಒಳಗಿದ್ದದ್ದೆಲ್ಲ ಕೊಳೆತು ನಾರುತ್ತಿದ್ದ ಫ್ರಿಜ್‌ಗಳಿಗೆ ಟೇಪು ಸುತ್ತಿ ಬೀದಿಗೆ ಇಟ್ಟಿದ್ದರಲ್ವಾ, ಆ ಫ್ರಿಜ್ಜಿನ ವೇಷವೂ ಬಂತು. ‘ಕ್ರೂ ಡು ವ್ಯೂ’ ಎಂಬ ತಂಡವಂತೂ ಒಡ್ಡು ಒಡೆದದ್ದನ್ನೇ ಗೇಲಿಗೆ ಎತ್ತಿಕೊಂಡಿತು. ಊರನ್ನು ಮುಳುಗಿಸಿದ್ದು ಬರೀ ಗಾಳಿಮಳೆ ಅಲ್ಲ. ನಿಮ್ಮ ಲೇಕ್‌ವ್ಯೂಗೆ ನೀರು ನುಗ್ಗಿದ್ದು 17ನೇ ಬೀದಿ ಕಾಲುವೆಯ ತಡೆಗೋಡೆ ಕುಸಿದು. ಆ ಸಿಟ್ಟೆಲ್ಲ ಹಬ್ಬದಲ್ಲಿ ನಗುವಾಗಿ ಹೊರಗೆ ಬಂತು. ಸತ್ತವರನ್ನು ಮರೆತು ಕುಣಿದದ್ದಲ್ಲ. ನೀವೂ ಮುಖ ಸಪ್ಪೆ ಮಾಡಿಕೊಂಡು ಈ ಹಬ್ಬ ಮಾಡಬೇಡಿ.

ಇನ್ನು ಅಡುಗೆ. ಸೋಮವಾರದಿಂದ ಶುರು ಮಾಡಿ. ಅಲ್ಲಿ ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನವಾಗಿತ್ತು. ಒಲೆ ಮೇಲೆ ಕೆಂಪು ಕಾಳು ತನ್ನ ಪಾಡಿಗೆ ಬೇಯುತ್ತಿರುತ್ತಿತ್ತು. ನಮ್ಮ ರಾಜ್ಮಾ ಸಾಕು. ಈರುಳ್ಳಿ, ದಪ್ಪ ಮೆಣಸಿನಕಾಯಿ, ಸೆಲರಿ ಹುರಿದು, ಕಾಳು ಹಾಕಿ, ಪಲಾವ್ ಎಲೆ ಸೇರಿಸಿ. ಕೊನೆಗೆ ಒಂದಿಷ್ಟು ಕಾಳು ಮಸೆದರೆ ತಾನೇ ಗಟ್ಟಿಯಾಗುತ್ತದೆ. ಅನ್ನದ ಜೊತೆ ಬಡಿಸಿ. ದಯವಿಟ್ಟು ಗರಂ ಮಸಾಲೆ, ಟೊಮೆಟೊ ಬೇಡ. ಹಾಕಿದರೆ ಅದು ಲೂಧಿಯಾನ ಆಗುತ್ತದೆ!

ಮೆರವಣಿಗೆಯ ರಥಗಳಿಂದ ಜನರತ್ತ ಮಣಿಸರ ಎಸೆಯುವುದು ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಸೇಂಟ್ ಚಾರ್ಲ್ಸ್ ಅವೆನ್ಯೂ ಕಡೆಯ ಚರಂಡಿಗಳಿಂದ 40 ಟನ್‌ಗೂ ಜಾಸ್ತಿ ಮಣಿಸರ ತೆಗೆದದ್ದು 2018ರಲ್ಲಿ ಸುದ್ದಿಯಾಗಿತ್ತು. ನೀವು ಮಕ್ಕಳಿಗೆ ಕಡಲೆ ಚಿಕ್ಕಿ ಎಸೆಯಿರಿ. ಮೆರವಣಿಗೆ ಇಲ್ಲ ಎಂಬ ಚಿಂತೆಯೂ ಬೇಡ. 2021ರಲ್ಲಿ ಕೋವಿಡ್‌ನಿಂದ ಮೆರವಣಿಗೆ ನಿಂತಾಗ ಅಲ್ಲಿನವರು ತಮ್ಮ ಮನೆಗಳನ್ನೇ ರಥದ ಹಾಗೆ ಸಿಂಗರಿಸಿದರು. ನಿಮ್ಮ ಗೇಟಿಗೆ ನೇರಳೆ, ಹಸಿರು, ಬಂಗಾರದ ಬಣ್ಣದ ಬಟ್ಟೆ ಕಟ್ಟಿ ಸಾಕು.

ಈ ಹಬ್ಬದ ಕಿಂಗ್ ಕೇಕ್ ಮಾತ್ರ ಬಿಡಬೇಡಿ. ಪರಿಚಯದ ಬೇಕರಿಯವರಿಗೆ ಹೇಳಿ, ಸಿಹಿ ಬನ್ನಿನ ಹಿಟ್ಟನ್ನೇ ಚಕ್ಕೆಪುಡಿ, ಸಕ್ಕರೆ ಹಾಕಿ ಬಳೆಯಂತೆ ಸುತ್ತಿ ಸುಡಿಸಿ. ಮೇಲೆ ಅದೇ ಮೂರು ಬಣ್ಣದ ಸಕ್ಕರೆ. ಒಳಗಿಡುವ ಪ್ಲಾಸ್ಟಿಕ್ ಪಾಪು ಸಿಗದಿದ್ದರೆ ಒಂದು ಬಾದಾಮಿ ಇಡಿ, ಸುಟ್ಟ ಮೇಲೆ ಅಡಿಯಿಂದ ತೂರಿಸಬೇಕು. ಜನವರಿ 6ಕ್ಕೆ ಮೊದಲ ಕೇಕ್. ಈಸ್ಟರ್‌ಗೆ 47 ದಿನ ಮುಂಚೆ ಬರುವ ಮಂಗಳವಾರ, ಅಂದರೆ ಮಾರ್ಡಿ ಗ್ರಾ ದಿನ, 2027ರಲ್ಲಾದರೆ ಫೆಬ್ರವರಿ 9, ಕೊನೆಯದು. ಯಾರಿಗೆ ಪಾಪು ಸಿಗುತ್ತದೋ ಮುಂದಿನ ಕೇಕ್ ಅವರದ್ದು, ಗೊತ್ತಲ್ವಾ. ಮೊದಲ ಸಲ ಅದು ಯಜಮಾನರ ತುಂಡಿಗೇ ಬರುವ ಹಾಗೆ ನೋಡಿಕೊಳ್ಳಿ.